ವೈನ್‌ನಲ್ಲಿ ನುಡಿ ಓಡಿದ್ರೆ ಸಾಕಾ?

"ಲಿನಕ್ಸ್ ಹಾಕ್ಕೋ" ಅಂದ ಕೂಡ್ಲೆ ನಮ್ಮ ಕಡೆ ಬರೋ ಮೊದಲ ಪ್ರಶ್ನೆ, "ಅದರಾಗ ನುಡಿ ನಡೀತದೇನು?" ಉತ್ತರವೂ ರೆಡಿ: "ವೈನ್ ಹಾಕು, ನಡೀತದ." ಈ ಉತ್ತರ ಅರ್ಧ ಮಾತ್ರ ಸರಿ ಅನ್ನೋದು ನನ್ನ ವಾದ.

ವೈನ್ ಸಣ್ಣ ಕೆಲಸವೇನಲ್ಲ. 1993ರಲ್ಲಿ ಶುರುವಾಗಿ 1.0 ಆವೃತ್ತಿಗೆ ಬರೋಕೆ 2008 ಆಯ್ತು. ವಿಂಡೋಸ್ ಪ್ರೋಗ್ರಾಂ ಕೇಳೋದನ್ನ ಲಿನಕ್ಸ್‌ಗೆ ತಿಳಿಯೋ ಹಾಗೆ ಬದಲಿಸಿ ಕೊಡ್ತದೆ. ಅದರ ಮೇಲೆ ಕಟ್ಟಿದ ಪ್ರೋಟಾನ್‌ನಿಂದ 2018ರಿಂದ ಗೇಮ್ ಆಡೋರಿಗೂ ಅನುಕೂಲ ಆಗಿದೆ. ಆದ್ರೆ ಗೇಮ್ ಆಡಿದ್ರೆ ಮುಗೀತು, ಬರೆದದ್ದು ಉಳಿಯಬೇಕು.

ಹಳೆಯ ನುಡಿ ಫೈಲ್‌ಗಳಲ್ಲಿ ಕನ್ನಡ ಇರೋದು ಫಾಂಟ್‌ನಲ್ಲಿ ಮಾತ್ರ. ಒಳಗೆ ಸೇವ್ ಆಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡ್. ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ತೆಗೆದ್ರೆ ಗಿಜಿಬಿಜಿ. ಕನ್ನಡದಲ್ಲಿ ಹುಡುಕಿದ್ರೂ ಸಿಗಲ್ಲ. ವೈನ್ ಪ್ರೋಗ್ರಾಂ ಓಡಿಸಬಹುದು, ಈ ರೋಗ ವಾಸಿ ಮಾಡಲ್ಲ. ಮೇಲಾಗಿ ವೈನ್ ಒಳಗಿನ ನುಡಿಗೆ ಹೊರಗಿನ ಫೈರ್‌ಫಾಕ್ಸ್, ಲಿಬ್ರೆಆಫೀಸ್‌ನಲ್ಲಿ ಟೈಪ್ ಮಾಡೋಕಾಗಲ್ಲ.

ಲಿನಕ್ಸ್‌ನದ್ದೇ ದಾರಿ ಈಗಾಗಲೇ ಇದೆ. ಕೆ.ಪಿ. ರಾವ್ ರೂಪಿಸಿದ, ನುಡಿಯಿಂದ ನಮ್ಮ ಬೆರಳಿಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಐಬಸ್‌ನಲ್ಲಿ 'ಕೆಜಿಪಿ' ಹೆಸರಲ್ಲಿ ಸಿಗ್ತದೆ. ಟೈಪ್ ಆಗೋದು ನೇರ ಯುನಿಕೋಡ್‌ನಲ್ಲೇ. ಗುಬ್ಬಿ, ನವಿಲು, ಲೋಹಿತ್ ಕನ್ನಡದಂಥ ಮುಕ್ತ ಫಾಂಟ್‌ಗಳೂ ಇವೆ.

ಹಾಗಂತ ವೈನ್ ಬೇಡ್ವಾ? ಬೇಕು. ನಮ್ಮೂರು ಕಲಬುರಗಿ ಜಿಲ್ಲೆಯ ಗೊಬ್ಬೂರ. ಇಂಥ ಊರುಗಳಲ್ಲಿ ಅರ್ಜಿ, ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್ ಟೈಪ್ ಮಾಡಿ ಬದುಕೋರ ಹತ್ರ ವರ್ಷಗಟ್ಟಲೆ ನುಡಿ ಫೈಲ್ ಇರ್ತವೆ. ನಾಳೆಯಿಂದ ಬಿಟ್ಟುಬಿಡ್ರಿ ಅಂದ್ರೆ ಹೊಟ್ಟೆ ಮೇಲೆ ಹೊಡೆದಂಗ. ಹಳೇದು ತೆಗೆಯೋಕೆ ವೈನ್ ಇರಲಿ, ಹೊಸದು ಯುನಿಕೋಡ್‌ನಲ್ಲಿ ಆಗಲಿ.

ನಡುವೆ ಬೇಕಾಗಿರೋದು ಒಳ್ಳೆ ಪರಿವರ್ತಕ. ಕನ್ನಡಿಗರೇ ಬರೆದ ಮುಕ್ತ ಪರಿವರ್ತಕಗಳು ಇವೆ, ಆದ್ರೆ ಕೆಲಸ ಸುಲಭದ್ದಲ್ಲ. 'ಸೂರ್ಯ' ಪದದ ಅರ್ಕಾವತ್ತು ಹಳೇ ಫೈಲ್‌ನಲ್ಲಿ 'ಯ' ಆದ ಮೇಲೆ ಬರ್ತದೆ, ಯುನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಒತ್ತಕ್ಷರ, ದೀರ್ಘ ಎಲ್ಲಕ್ಕೂ ಇಂಥದ್ದೇ ತಿರುವು-ಮುರುವು. ಇದು ಪಕ್ಕಾ ನಮ್ಮ ಸಿಲಬಸ್‌ನ ಸ್ಟ್ರಿಂಗ್ ಪ್ರಾಬ್ಲಂ.

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ಇನ್ನೊಂದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಮಾಡೋ ಬದಲು ಒಂದು ಪರಿವರ್ತಕ ತಗೊಂಡು, ನಿಮ್ಮೂರಿನ ಹಳೇ ಫೈಲ್ ಹಾಕಿ ನೋಡ್ರಿ. ಎಲ್ಲಿ ತಪ್ಪಿತೋ ಅಲ್ಲಿ ಕೋಡ್ ತಿದ್ದಿ ಕಳಿಸ್ರಿ. ಕೋಡ್ ಬರೆಯೋಕೆ ಬರದಿದ್ರೆ ಬಗ್ ರಿಪೋರ್ಟ್ ಆದ್ರೂ ಹಾಕ್ರಿ. ವಿಂಡೋಸ್ ಪ್ರೋಗ್ರಾಂ ಓಡಿಸೋಕೆ ಜಗತ್ತಿನ ತುಂಬ ಜನ ಇದ್ದಾರೆ. ಅರ್ಕಾವತ್ತಿನ ಚಿಂತೆ ಮಾಡಬೇಕಾದೋರು ನಾವೇ.