ಬೆನ್ನು ಬಾಗುವುದು ಬರೀ ವಯಸ್ಸಲ್ಲ



ಭಾನುವಾರ ಆರಾಧನೆ ಮುಗಿದು ಜನ ಹೊರಗೆ ಬರುವಾಗ ದೇವಾಲಯದ ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು ನೋಡಿರಿ. ಮಕ್ಕಳು ಹಾರಿಕೊಂಡು ಹೋಗುತ್ತಾರೆ, ಯುವಕರು ಮಾತಾಡುತ್ತಾ ಇಳಿಯುತ್ತಾರೆ. ಎಲ್ಲರಿಗಿಂತ ಕಡೆಗೆ ನಮ್ಮ ಅವ್ವಂದಿರು ಬರುತ್ತಾರೆ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಮೊಮ್ಮಗಳ ಹೆಗಲ ಮೇಲೆ. ಬೆನ್ನು ಬಾಗಿರುತ್ತದೆ, ಮುಖ ನೆಲ ನೋಡುತ್ತಿರುತ್ತದೆ. ಮೂವತ್ತು ನಲವತ್ತು ವರ್ಷ ಇಳಿಜಾರಿನಲ್ಲಿ ನಿಂತು ಚಹಾ ಎಲೆ ಕಿತ್ತು, ತುಂಬಿದ ಬುಟ್ಟಿ ಹೊತ್ತು ತೂಕದ ಕಟ್ಟೆಗೆ ನಡೆದವರು ಇವರು. "ಬೆನ್ನು ಹೀಗಾಯಿತಲ್ಲ, ಅವ್ವಾ?" ಎಂದು ಕೇಳಿದರೆ, "ವಯಸ್ಸಾಯಿತಲ್ಲಪ್ಪ, ಇನ್ನೇನು?" ಎಂದು ನಕ್ಕು ಮುಂದೆ ಹೋಗುತ್ತಾರೆ. ನಾವೂ ಅದನ್ನೇ ನಂಬಿ ಸುಮ್ಮನಾಗುತ್ತೇವೆ.

ಸುಮ್ಮನಾಗುವುದು ತಪ್ಪು ಎಂದು ಹೇಳುವುದಕ್ಕೇ ಈ ಸಂಚಿಕೆಯ ಸಂಪಾದಕೀಯವನ್ನು ಬರೆಯುತ್ತಿದ್ದೇವೆ.

ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಹದಿನೆಂಟು ವರ್ಷ ನಡು ಬಗ್ಗಿಹೋಗಿದ್ದ ಒಬ್ಬ ಹೆಂಗಸಿನ ಸಂಗತಿ ಇದೆ. ಆ ಹದಿನೆಂಟು ವರ್ಷವೂ ಊರಿನವರು ಆಕೆಯನ್ನು ನೋಡಿದ್ದರು. ನೋಡಿ ನೋಡಿ ಅವರಿಗೆ ಅದು ರೂಢಿಯಾಗಿತ್ತು. ಯೇಸುಸ್ವಾಮಿಗೆ ಮಾತ್ರ ಅದು ರೂಢಿಯಾಗಲಿಲ್ಲ. ಸಭಾಮಂದಿರದ ಜನರ ನಡುವೆ ಆತನು ಆಕೆಯನ್ನು ಗುರುತಿಸಿ, ಹತ್ತಿರ ಕರೆದು, ನೆಟ್ಟಗೆ ನಿಲ್ಲಿಸಿದನು. ಸಬ್ಬತ್ ದಿನ ಇದೇಕೆ ಎಂದು ಗೊಣಗಿದ ಅಧಿಕಾರಿಗೆ, ಎತ್ತು ಕತ್ತೆಗಳಿಗೆ ಆ ದಿನ ನೀರು ಕುಡಿಸುವುದಿಲ್ಲವೇ ಎಂದು ಕೇಳಿ ಬಾಯಿ ಮುಚ್ಚಿಸಿದನು. ನಮ್ಮ ಲೈನುಗಳಲ್ಲಿಯೂ ಇಂಥ ಹೆಂಗಸರು ಇದ್ದಾರೆ. ನಾವು ಅವರನ್ನು ರೂಢಿಯ ಕಣ್ಣಿನಿಂದ ನೋಡುತ್ತಿದ್ದೇವೋ, ಕರ್ತನ ಕಣ್ಣಿನಿಂದಲೋ?

ಈಗ ರೋಗದ ವಿಷಯ. ಎಲುಬು ಕಲ್ಲಿನಂತೆ ಸತ್ತ ವಸ್ತುವಲ್ಲ. ಅದು ಜೀವವುಳ್ಳದ್ದು, ದಿನವೂ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಸುಮಾರು ಮೂವತ್ತು ವಯಸ್ಸಿನವರೆಗೆ ಕಟ್ಟುವ ಕೆಲಸ ಮೇಲುಗೈ. ನಂತರ ಕರಗುವ ಕೆಲಸ ಮೆಲ್ಲಮೆಲ್ಲನೆ ಮುಂದಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಎಲುಬಿನ ನಷ್ಟ ಬಹು ಬೇಗ ಆಗುತ್ತದೆ, ಏಕೆಂದರೆ ಎಲುಬನ್ನು ಕಾಯುತ್ತಿದ್ದ ಈಸ್ಟ್ರೋಜನ್ ಎಂಬ ರಸ ದೇಹದಲ್ಲಿ ಕಡಿಮೆಯಾಗಿರುತ್ತದೆ. ಗಂಡಸರಿಗೂ ಇದು ಬರುತ್ತದೆ, ಆದರೆ ಸಾಮಾನ್ಯವಾಗಿ ತಡವಾಗಿ. ಗೆದ್ದಲು ತಿಂದ ತೊಲೆ ಹೊರಗೆ ಚೆನ್ನಾಗಿಯೇ ಕಂಡು ಒಳಗೆ ಟೊಳ್ಳಾಗಿರುವ ಹಾಗೆ ಎಲುಬು ಟೊಳ್ಳಾಗುತ್ತದೆ. ವೈದ್ಯರು ಇದನ್ನು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ.

ಈ ರೋಗದ ಮೋಸ ಏನೆಂದರೆ, ಮುರಿಯುವ ತನಕ ನೋವೇ ಇರುವುದಿಲ್ಲ. ಮೊಣಕಾಲಿನ ನೋವು ಬೇರೆ. ಅದು ಕೀಲು ಸವೆಯುವುದರಿಂದ ಬರುವಂಥದು. ಟೊಳ್ಳಾದ ಎಲುಬು ಮುರಿಯುವುದು ಹೆಚ್ಚಾಗಿ ಮೂರು ಕಡೆ: ಕೈಮಣಿಕಟ್ಟು, ಬೆನ್ನುಮೂಳೆ, ತೊಡೆಯ ಬುಡ. ಬೆನ್ನುಮೂಳೆ ಮುರಿಯಲು ಬೀಳಬೇಕೆಂದೇ ಇಲ್ಲ. ಬಗ್ಗಿ ನೀರಿನ ಕೊಡ ಎತ್ತಿದರೂ ಸಾಕು, ಒಳಗೆ ಒಂದು ಮಣಿ ಕುಸಿಯುತ್ತದೆ. ಒಂದರ ಮೇಲೊಂದು ಮಣಿ ಕುಸಿದಾಗ ಎತ್ತರ ಕುಗ್ಗುತ್ತದೆ, ಬೆನ್ನು ಬಾಗುತ್ತದೆ. ಆದಕಾರಣ ಅವ್ವ ಮೊದಲಿಗಿಂತ ಗಿಡ್ಡವಾದಂತೆ ಕಂಡರೆ, ಭಾರ ಎತ್ತಿದಾಗ ಬೆನ್ನಿನಲ್ಲಿ ಚಳಕು ಹೊಡೆದು ವಾರಗಟ್ಟಲೆ ಬಿಡದಿದ್ದರೆ, ನಿಂತಲ್ಲಿಂದ ಬಿದ್ದಷ್ಟಕ್ಕೆ ಕೈ ಮುರಿದಿದ್ದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿರಿ. ವೈದ್ಯರಿಗೆ ತೋರಿಸಿರಿ. ಕುಸಿದ ಮಣಿ ಸಾಧಾರಣ ಎಕ್ಸ್‌ರೇಯಲ್ಲಿ ಕಾಣುತ್ತದೆ. ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಎಂಬ ಪರೀಕ್ಷೆ ಕೋಯಮುತ್ತೂರು, ಕೋಳಿಕೋಡು, ಮೈಸೂರಿನಂಥ ಪಟ್ಟಣಗಳಲ್ಲಿ ಇದೆ.

ಇನ್ನು ನಮ್ಮ ಊಟದ ಮಾತು. ನಮ್ಮ ಹಿರಿಯರಲ್ಲಿ ಅನೇಕರು ಚಾಮರಾಜನಗರ, ತಾಳವಾಡಿ, ಮೈಸೂರು ಸೀಮೆಯ ರಾಗಿ ತಿನ್ನುವ ಊರುಗಳಿಂದ ಬೆಟ್ಟ ಹತ್ತಿ ಬಂದವರು. ಇಲ್ಲಿ ರೇಷನ್ ಅಕ್ಕಿ ಬಂತು, ಮುದ್ದೆ ಹೋಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1,200 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಪಟ್ಟಿ ಹೇಳುತ್ತದೆ. ಬರೀ ಅನ್ನ, ನೀರು ಸಾರು ಉಂಡರೆ ಇದರ ಕಾಲು ಭಾಗವೂ ಸಿಕ್ಕುವುದಿಲ್ಲ. ಒಂದು ಮುದ್ದೆ, ಒಂದು ಲೋಟ ಹಾಲು, ಮಧ್ಯಾಹ್ನ ಮೊಸರು, ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯ, ಒಂದು ಚಮಚ ಎಳ್ಳಿನ ಪುಡಿ, ಇಷ್ಟಾದರೆ ಸಾವಿರದ ಹತ್ತಿರ ಹೋಗುತ್ತದೆ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಹುರುಳಿಕಾಳು ಕೂಡ ಒಳ್ಳೆಯವು. ತಮಿಳುನಾಡು ಸರಕಾರ 2023ರಲ್ಲಿ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಯ ಒಂದು ಪಾಲಿಗೆ ಬದಲಾಗಿ ರಾಗಿ ಕೊಡಲು ಪ್ರಾರಂಭಿಸಿತು. ಅಂಗಡಿಯಲ್ಲಿ ರಾಗಿ ಇದ್ದರೆ ಬೇಡವೆನ್ನದೆ ತಂದುಕೊಳ್ಳಿರಿ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ನಮ್ಮ ಮನೆಗಳಲ್ಲಿ ಮೊಟ್ಟೆ ಗಂಡಸಿಗೆ, ಹಾಲು ಮಕ್ಕಳಿಗೆ, ಪಾತ್ರೆಯ ತಳದಲ್ಲಿ ಉಳಿದದ್ದು ಅವ್ವನಿಗೆ. ಎಲ್ಲರಿಗೂ ಬಡಿಸಿ ಕಡೆಗೆ ಕುಳಿತವಳ ಎಲುಬು ಮೊದಲು ಟೊಳ್ಳಾದರೆ ಆಶ್ಚರ್ಯವೇನು? ಕುಟುಂಬ ಪ್ರಾರ್ಥನೆಯಲ್ಲಿ ಅನ್ನಕ್ಕಾಗಿ ಸ್ತೋತ್ರ ಹೇಳುವ ನಾವು, ಆ ಅನ್ನದಲ್ಲಿ ಆಕೆಯ ಪಾಲೆಷ್ಟು ಎಂದು ನೋಡುವುದೂ ಪ್ರಾರ್ಥನೆಯ ಒಂದು ಭಾಗವೇ. ಬೀಡಿ ಮತ್ತು ಬ್ರಾಂದಿ ಎರಡೂ ಎಲುಬನ್ನು ತಿನ್ನುತ್ತವೆ. ಬ್ರಾಂದಿಯಂತೂ ಕುಡಿದವನ ಎಲುಬನ್ನು ಕರಗಿಸುವುದಲ್ಲದೆ ಮನೆಯ ಹಾಲಿನ ಕಾಸನ್ನೂ ಕರಗಿಸುತ್ತದೆ.

ಸುಣ್ಣದಂಶ ಮೈಗೆ ಹತ್ತಬೇಕಾದರೆ ಡಿ ಜೀವಸತ್ವ ಬೇಕು. ಅದನ್ನು ಚರ್ಮವೇ ಬಿಸಿಲಿನಿಂದ ಮಾಡಿಕೊಳ್ಳುತ್ತದೆ. ಬಯಲಿನಲ್ಲೇ ದುಡಿಯುವ ನಮಗೆ ಬಿಸಿಲಿಗೇನು ಬರ ಎಂದು ಕೇಳಬಹುದು. ಆದರೆ ಮಳೆಗಾಲದ ತಿಂಗಳುಗಳಲ್ಲಿ ಗೂಡಲೂರು, ವಯನಾಡಿನ ಕಡೆ ಮಂಜು ಮೋಡಗಳೇ ಹೆಚ್ಚು. ಕೆಲಸದವರು ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಹೊದ್ದು, ತೋಳು ಮುಚ್ಚಿ ನಿಲ್ಲುತ್ತಾರೆ. ಕೆಲಸ ಬಿಟ್ಟ ಮುದುಕರೋ ಕತ್ತಲೆಯ ಲೈನ್ ಮನೆಯ ಒಲೆಯ ಮುಂದೆಯೇ ಕೂರುತ್ತಾರೆ. ಬಿಸಿಲು ಬಿದ್ದ ದಿನ ಹತ್ತರಿಂದ ಮೂರು ಗಂಟೆಯ ಒಳಗೆ ಅರ್ಧ ತಾಸು ಮುಖ, ತೋಳು, ಕಾಲಿಗೆ ಬಿಸಿಲು ತಾಗುವಂತೆ ಹೊರಗೆ ಕೂರಿಸಿರಿ. ವೈದ್ಯರು 60,000 ಅಂಶದ ಡಿ ಗುಳಿಗೆ ಬರೆದುಕೊಟ್ಟರೆ ಅದು ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವು ವಾರ ಮಾತ್ರ. ಬೇಗ ಗುಣವಾಗಲೆಂದು ದಿನಕ್ಕೊಂದು ನುಂಗಿದರೆ ಅಪಾಯ.

ಮೂರನೆಯದು ನಡಿಗೆ. ಭಾರ ಬಿದ್ದಷ್ಟೂ ಎಲುಬು ಗಟ್ಟಿಯಾಗುತ್ತದೆ. ಇಳಿಜಾರು ಹತ್ತಿ ಇಳಿದ ನಮ್ಮ ಕಾಲುಗಳಿಗೆ ಅಷ್ಟು ವರ್ಷ ಆ ಬಲ ಇತ್ತು. ಚೆಕ್‌ರೋಲಿನಿಂದ ಹೆಸರು ತೆಗೆದ ಮಾರನೆಯ ದಿನವೇ ಜಗಲಿ ಹಿಡಿದು ಕುಳಿತರೆ ಎಲುಬೂ ಕುಳಿತುಬಿಡುತ್ತದೆ. ದಿನಕ್ಕೆ ಅರ್ಧ ತಾಸು ನಡೆಯಲಿ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ, ಸ್ಟೂಲಿನಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲುವುದು ಸ್ವಲ್ಪ ಹೊತ್ತು, ಇವಕ್ಕೆ ದುಡ್ಡು ಬೇಡ. ಆದರೆ ಎಲುಬು ಟೊಳ್ಳಾದವರು ಸೊಂಟ ಬಗ್ಗಿಸಿ ಸೌದೆ ಹೊರೆ, ನೀರಿನ ಕೊಡ ಎತ್ತಬಾರದು. ಎತ್ತಲೇಬೇಕಾದ ಹಗುರ ಸಾಮಾನನ್ನು ಮಂಡಿ ಮಡಿಸಿ, ಮೈಗೆ ಹತ್ತಿರ ಹಿಡಿದು ಎತ್ತಲಿ.

ಬೀಳದಂತೆ ನೋಡಿಕೊಳ್ಳುವುದು ಔಷಧಕ್ಕಿಂತ ಕಡಿಮೆಯದಲ್ಲ. ಪಾಚಿ ಕಟ್ಟಿದ ಮೆಟ್ಟಿಲು, ನಲ್ಲಿಯ ಹತ್ತಿರದ ಕೆಸರು, ರಾತ್ರಿ ಕತ್ತಲೆಯಲ್ಲಿ ಹೊರಗಿನ ಕಕ್ಕಸಿಗೆ ಹೋಗುವ ದಾರಿ, ಸವೆದ ಹವಾಯಿ ಚಪ್ಪಲಿ, ಇವೇ ನಮ್ಮ ಲೈನುಗಳ ಶತ್ರುಗಳು. ಕಣ್ಣಿನ ಪೊರೆ ಇದ್ದರೆ ತೆಗೆಸಿರಿ. ಮಂಚದ ಪಕ್ಕ ಟಾರ್ಚ್ ಇಡಿರಿ. ಊರುಗೋಲು ಹಿಡಿಯಲು ನಾಚಿಕೆ ಬೇಡ. ಮೋಶೆಯೂ ಕೋಲು ಹಿಡಿದೇ ಜನರನ್ನು ನಡೆಸಿದನು.

ಹಾಗೂ ಬಿದ್ದು, ಮೇಲೇಳಲಾಗದೆ, ತೊಡೆಸಂದಿಯಲ್ಲಿ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆಯ ಬುಡ ಮುರಿದಿದೆ ಎಂದು ತಿಳಿಯಿರಿ. ನಾಟಿ ಎಣ್ಣೆ ಹಚ್ಚಿ ತಿಕ್ಕಿಸಬೇಡಿರಿ, ಎಳೆಸಬೇಡಿರಿ. ಕಾಲು ಅಲ್ಲಾಡದಂತೆ ಇಟ್ಟು 108ಕ್ಕೆ ಫೋನು ಮಾಡಿರಿ. ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾದರೆ ಎದ್ದು ನಡೆಯುವ ಆಸೆ ಹೆಚ್ಚು. ತಿಂಗಳುಗಟ್ಟಲೆ ಮಲಗಿಸಿದರೆ ಬೆನ್ನು ಹುಣ್ಣು, ನ್ಯುಮೋನಿಯ ಬಂದು ಜೀವಕ್ಕೇ ಮುಳುವಾಗುತ್ತದೆ. ಸರಕಾರದ ಆರೋಗ್ಯ ವಿಮೆಯ ಕಾರ್ಡನ್ನು ಮೂಳೆ ಮುರಿಯುವ ಮೊದಲೇ ಮಾಡಿಸಿ ಟ್ರಂಕಿನಲ್ಲಿ ಇಟ್ಟುಕೊಳ್ಳಿರಿ.

ಔಷಧವೂ ಇದೆ. ಅಲೆಂಡ್ರೊನೇಟ್ ಎಂಬ ಗುಳಿಗೆಯನ್ನು ವಾರಕ್ಕೊಮ್ಮೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಡನೆ ನುಂಗಿ, ಅರ್ಧ ತಾಸು ಮಲಗದೆ, ಏನನ್ನೂ ತಿನ್ನದೆ, ಚಹಾ ಕೂಡ ಕುಡಿಯದೆ ಇರಬೇಕು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ, ಗುಳಿಗೆಯೂ ಮೈಗೆ ಹತ್ತುವುದಿಲ್ಲ. ವರ್ಷಕ್ಕೊಮ್ಮೆ ಕೊಡುವ ಸೂಜಿಮದ್ದೂ ಇದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಡುವ ಹೆಸರಿಲ್ಲದ ಗುಳಿಗೆಯ ವಿಷಯದಲ್ಲಿ ಎಚ್ಚರ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಆ ದಿನ ನೋವು ಮಾಯವಾಗುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಎಲುಬು ಟೊಳ್ಳಾಗುತ್ತದೆ. ಉಬ್ಬಸಕ್ಕೆ ವೈದ್ಯರೇ ಸ್ಟೀರಾಯ್ಡ್ ಕೊಟ್ಟಿದ್ದರೆ ತಾನಾಗಿ ಬಿಡಬಾರದು. ಎಲುಬಿಗೆ ಏನು ಮಾಡಬೇಕೆಂದು ಅವರನ್ನೇ ಕೇಳಬೇಕು.

ಕಡೆಯದಾಗಿ ತೋಟದ ಆಡಳಿತಕ್ಕೂ, ನಮ್ಮ ಸಂಘಗಳಿಗೂ ಒಂದು ಮಾತು. ಕೆಲಸಗಾರರಿಗೆ ಮನೆ, ನೀರು, ವೈದ್ಯ ಸಹಾಯ ಧಣಿಯ ದಯೆಯಲ್ಲ, ಹಕ್ಕು ಎಂದು 1951ರ ತೋಟ ಕಾರ್ಮಿಕರ ಕಾಯಿದೆ ಸಾರಿತು. ಆ ಹಕ್ಕಿಗಾಗಿ ನಮ್ಮ ಹಿಂದಿನವರು ಹೋರಾಡಿದರು. ಆದರೆ ದುಡಿಮೆ ಮುಗಿದ ದಿನವೇ ಡಿಸ್ಪೆನ್ಸರಿಯ ಬಾಗಿಲು ಮುಚ್ಚಿದ ಹಾಗಾದರೆ, ಎಲುಬು ಇರುವ ತನಕ ಬೇಕು, ಟೊಳ್ಳಾದ ಮೇಲೆ ಬೇಡ ಎಂದ ಹಾಗಾಗಲಿಲ್ಲವೇ? ಕೂಲಿ, ಬೋನಸ್ಸಿನ ಮಾತುಕತೆಗೆ ಕುಳಿತಾಗ ನಮ್ಮ ನಾಯಕರು ಇವನ್ನೂ ಕಾಗದದಲ್ಲಿ ಬರೆಯಲಿ: ಲೈನುಗಳ ಮೆಟ್ಟಿಲಿಗೆ ಹಿಡಿಕಂಬಿ, ನಲ್ಲಿ ಕಕ್ಕಸುಗಳ ದಾರಿಗೆ ದೀಪ, ಕೆಲಸ ಬಿಟ್ಟವರಿಗೂ ಡಿಸ್ಪೆನ್ಸರಿಯಲ್ಲಿ ವೈದ್ಯ ಸಹಾಯ. ಇವು ದೊಡ್ಡ ಖರ್ಚಿನ ಬೇಡಿಕೆಗಳಲ್ಲ.

ಆಡಳಿತ ಒಪ್ಪುವ ತನಕ ಸಭೆ ಕೈಕಟ್ಟಿ ಕೂರಬೇಕಾಗಿಲ್ಲ. ಯುವಕರ ಸಂಘ ಒಂದು ಶನಿವಾರ ಪಾಚಿ ಕೆರೆದು, ಮೆಟ್ಟಿಲಿಗೆ ಬಿದಿರಿನ ಕೈಹಿಡಿ ಕಟ್ಟಬಹುದು. ಸ್ತ್ರೀಯರ ಕೂಟದವರು ಪ್ರತಿ ಲೈನಿನಲ್ಲಿ ಬೆನ್ನು ಬಾಗಿದವರ, ಬಿದ್ದು ಕೈ ಮುರಿದವರ ಪಟ್ಟಿ ಮಾಡಿ, ಒಬ್ಬೊಬ್ಬರನ್ನೇ ಸರಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಬಹುದು. ಹಿತ್ತಲಲ್ಲಿ ಜಾಗವಿದ್ದ ಕಡೆ, ಚಳಿ ಹೆಚ್ಚಿಲ್ಲದ ಕಡೆ, ಒಂದು ನುಗ್ಗೆಕಡ್ಡಿ ನೆಡಬಹುದು.

ಬಾಗಿದ ಬೆನ್ನೆಲ್ಲಾ ಮತ್ತೆ ನೆಟ್ಟಗಾಗುತ್ತದೆ ಎಂದು ನಾವು ಹೇಳುವುದಿಲ್ಲ. ಕುಸಿದ ಮಣಿ ಮೊದಲಿನಂತಾಗುವುದಿಲ್ಲ. ಆದರೆ ಮುಂದಿನ ಮಣಿ ಕುಸಿಯದಂತೆ ತಡೆಯಬಹುದು, ಇವತ್ತು ಬುಟ್ಟಿ ಹೊರುವ ಮಗಳು ಸೊಸೆಯರ ಎಲುಬನ್ನು ಈಗಲೇ ಗಟ್ಟಿ ಮಾಡಬಹುದು. ಸಭಾಮಂದಿರದ ಆ ಹೆಂಗಸಿಗೆ ಕರ್ತನು ಅಬ್ರಹಾಮನ ಮಗಳೆಂಬ ಮಾನ ಕೊಟ್ಟನು. ನಮ್ಮ ಅವ್ವಂದಿರಿಗೂ ಆ ಮಾನ ಸಲ್ಲಬೇಕು. ಬರುವ ಭಾನುವಾರ ಮೆಟ್ಟಿಲ ಬಳಿ ಅವರು ಕಡೆಗೆ ಬರುವಾಗ, ಸುಮ್ಮನೆ ನೋಡಿ ನಿಲ್ಲದೆ, ಕೈ ಹಿಡಿದು ಇಳಿಸಿರಿ. ಇಳಿಸುತ್ತಾ, "ಅವ್ವಾ, ಈ ವಾರ ಆಸ್ಪತ್ರೆಗೆ ಹೋಗೋಣ, ನಾನು ಬರುತ್ತೇನೆ" ಎಂದು ಹೇಳಿರಿ.