ಉತ್ತರ ಸಿಕ್ಕಿತು, ಪರಿಹಾರ?

ಕೇಂದ್ರ ಕೃಷಿ ಸಚಿವಾಲಯವು 2023ರ ಸೆಪ್ಟೆಂಬರ್‌ನಲ್ಲಿ ‘ಕಿಸಾನ್ ಇ-ಮಿತ್ರ’ ಎಂಬ ಚಾಟ್‌ಬಾಟ್ ಆರಂಭಿಸಿತು. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಬಗ್ಗೆ ರೈತರು ಕೇಳುವ ಪ್ರಶ್ನೆಗಳಿಗೆ ಯಂತ್ರವೇ ಉತ್ತರಿಸುವ ವ್ಯವಸ್ಥೆ ಅದು. ಸರ್ಕಾರ 2025ರಲ್ಲಿ ನೀಡಿದ ಮಾಹಿತಿಯ ಪ್ರಕಾರ, ಅದು 11 ಭಾಷೆಗಳಲ್ಲಿ ದಿನಕ್ಕೆ 20 ಸಾವಿರಕ್ಕೂ ಹೆಚ್ಚು ಪ್ರಶ್ನೆಗಳನ್ನು ನಿಭಾಯಿಸುತ್ತಿತ್ತು. ಅಲ್ಲಿಯವರೆಗೆ ಉತ್ತರಿಸಿದ ಪ್ರಶ್ನೆಗಳ ಸಂಖ್ಯೆ 90 ಲಕ್ಷ ದಾಟಿತ್ತು. ಅಂಕಿಗಳೇನೋ ದೊಡ್ಡವೇ. ಆದರೆ ಉತ್ತರ ಪಡೆದವರಲ್ಲಿ ಎಷ್ಟು ಮಂದಿಯ ತೊಡಕು ಬಗೆಹರಿಯಿತು ಎಂಬುದನ್ನು ಆ ಅಂಕಿಗಳು ಹೇಳುವುದಿಲ್ಲ.

ಇದು ಒಂದು ಚಾಟ್‌ಬಾಟ್‌ನ ಮಾತಲ್ಲ. ಬ್ಯಾಂಕು, ವಿಮೆ, ವಿದ್ಯುತ್, ರೈಲ್ವೆ ಎಲ್ಲ ಕಡೆಯೂ ಗ್ರಾಹಕರ ಮೊದಲ ಮಾತು ಈಗ ಯಂತ್ರದೊಡನೆಯೇ ನಡೆಯುತ್ತಿದೆ. ಆ ಯಂತ್ರದ ಮೇಲೆ ನಿಗಾ ಇಡಲು ಅಧಿಕಾರಿಗಳ ಮೇಜಿನ ಮೇಲೆ ‘ಡ್ಯಾಶ್‌ಬೋರ್ಡ್’ ಇರುತ್ತದೆ. ಇಂದು ಎಷ್ಟು ಸಂಭಾಷಣೆ ನಡೆದವು, ಸರಾಸರಿ ಎಷ್ಟು ಸೆಕೆಂಡಿನಲ್ಲಿ ಉತ್ತರ ಹೋಯಿತು, ಎಷ್ಟನ್ನು ಮನುಷ್ಯ ಸಿಬ್ಬಂದಿಗೆ ವರ್ಗಾಯಿಸಬೇಕಾಯಿತು ಎಂಬುದೆಲ್ಲ ಬಣ್ಣಬಣ್ಣದ ನಕ್ಷೆಗಳಲ್ಲಿ ಕಾಣುತ್ತದೆ. ಇಂಥ ವರದಿಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಕೆಲವು ವರ್ಷ ಇದ್ದವನಾದ್ದರಿಂದ ಅವುಗಳ ಉಪಯೋಗವನ್ನು ನಾನು ಅಲ್ಲಗಳೆಯಲಾರೆ. ಅವುಗಳ ಕುರುಡುತನವೂ ನನಗೆ ಚೆನ್ನಾಗಿ ಗೊತ್ತು.

ಕೆಲವು ತಿಂಗಳ ಹಿಂದೆ ಕುರುಗೋಡಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ವಯಸ್ಸಾದ ರೈತರೊಬ್ಬರು ತಮ್ಮ ಮೊಬೈಲನ್ನು ಅಂಗಡಿಯ ಹುಡುಗನ ಕೈಗಿತ್ತು, ‘ರೊಕ್ಕ ಬಿದ್ದಿಲ್ಲ, ಕೇಳಪ್ಪ’ ಎಂದರು. ಹುಡುಗ ಅದನ್ನೇ ಯಥಾವತ್ತಾಗಿ ಬ್ಯಾಂಕೊಂದರ ಚಾಟ್‌ಬಾಟ್‌ಗೆ ಬರೆದ. ಯಂತ್ರಕ್ಕೆ ಅರ್ಥವಾಗಲಿಲ್ಲ. ‘ಹಣ ಜಮೆಯಾಗಿಲ್ಲ’ ಎಂದು ತಿದ್ದಿ ಬರೆದ ಮೇಲೆ, ಹತ್ತಿರದ ಶಾಖೆಯನ್ನು ಸಂಪರ್ಕಿಸಿ ಎಂಬ ಉತ್ತರ ಬಂತು. ‘ಶಾಖೆಯವರೇ ಇದರಾಗ ಕೇಳು ಅಂದಾರ’ ಎಂದು ಅಜ್ಜ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟರು. ಡ್ಯಾಶ್‌ಬೋರ್ಡಿನ ಭಾಷೆಯಲ್ಲಿ ಇದು ಯಶಸ್ವಿ ಸಂಭಾಷಣೆ. ಉತ್ತರ ಹೋಗಿದೆ, ಮನುಷ್ಯರ ನೆರವು ಬೇಕಾಗಿಲ್ಲ, ಗ್ರಾಹಕ ಮತ್ತೆ ಪ್ರಶ್ನೆ ಕೇಳಿಲ್ಲ. ತೃಪ್ತನಾಗಿ ಸುಮ್ಮನಾದವನಿಗೂ ಬೇಸತ್ತು ಸುಮ್ಮನಾದವನಿಗೂ ಅಲ್ಲಿ ಒಂದೇ ಹಸಿರು ಬಣ್ಣ.

ನಮ್ಮ ಕಚೇರಿಗಳಿಗೆ ಈ ಬಗೆಯ ಲೆಕ್ಕ ಹೊಸದೇನಲ್ಲ. ಕರ್ನಾಟಕದ ‘ಸಕಾಲ’ ಕಾಯ್ದೆ 2011ರಲ್ಲಿ ರೂಪುಗೊಂಡು ಮರುವರ್ಷ ಜಾರಿಗೆ ಬಂತು. ಅರ್ಜಿದಾರನಿಗೆ ಸಂಖ್ಯೆ, ಸೇವೆಗೆ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ನಿಜಕ್ಕೂ ದಿಟ್ಟ ಹೆಜ್ಜೆಯಾಗಿತ್ತು ಅದು. ಆದರೆ ಗಡುವಿನೊಳಗೆ ಅರ್ಜಿಯನ್ನು ತಿರಸ್ಕರಿಸಿದರೂ ಅದು ವಿಲೇವಾರಿಯೇ. ಕಸಕ್ಕೂ ಕಡತಕ್ಕೂ ನಾವು ಒಂದೇ ‘ವಿಲೇವಾರಿ’ ಪದವನ್ನು ಬಳಸುತ್ತೇವೆ ಎಂಬುದು ಆಕಸ್ಮಿಕವೇ ಇರಬೇಕು.

ಹೊರದೇಶಗಳ ಅನುಭವವೂ ಇದಕ್ಕಿಂತ ಬೇರೆಯಲ್ಲ. ಸ್ವೀಡನ್ನಿನ ಹಣಕಾಸು ಸಂಸ್ಥೆ ಕ್ಲಾರ್ನಾ, ತನ್ನ ಚಾಟ್‌ಬಾಟ್ ಮೊದಲ ತಿಂಗಳಲ್ಲೇ 23 ಲಕ್ಷ ಸಂಭಾಷಣೆ ನಡೆಸಿ 700 ಸಿಬ್ಬಂದಿಯ ಕೆಲಸ ಮಾಡಿತು ಎಂದು 2024ರಲ್ಲಿ ಸಾರಿಕೊಂಡಿತು. ವೆಚ್ಚದ ಮೇಲೆ ಅತಿಯಾಗಿ ಗಮನ ಇಟ್ಟದ್ದರಿಂದ ಸೇವೆಯ ಗುಣಮಟ್ಟ ಕುಸಿಯಿತೆಂದು ಅದರ ಮುಖ್ಯಸ್ಥರೇ 2025ರಲ್ಲಿ ಒಪ್ಪಿಕೊಂಡು, ಮತ್ತೆ ಮನುಷ್ಯರ ನೇಮಕಕ್ಕೆ ಮುಂದಾದರು. ಏರ್ ಕೆನಡಾ ಪ್ರಕರಣ ಇನ್ನೂ ಸ್ವಾರಸ್ಯಕರ. ಅದರ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅದಕ್ಕೆ ಕಂಪನಿಯೇ ಹೊಣೆ ಎಂದು ಅಲ್ಲಿನ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ಉತ್ತರಗಳನ್ನು ಎಣಿಸುವ ವರದಿಯಲ್ಲಿ ಅಂಥ ತಪ್ಪು ಉತ್ತರವೂ ಒಂದು ಉತ್ತರವೇ.

ಬಳ್ಳಾರಿ ಜಿಲ್ಲೆಯವರಿಗೆ ಇದನ್ನು ಅರ್ಥಮಾಡಿಸಲು ಕಂಪ್ಯೂಟರಿನ ಭಾಷೆ ಬೇಕಿಲ್ಲ. ತುಂಗಭದ್ರಾ ಕೆಳಮಟ್ಟದ ಕಾಲುವೆ ಸಿರುಗುಪ್ಪ ಸೀಮೆಯ ಭತ್ತದ ಗದ್ದೆಗಳಿಗೆ ನೀರುಣಿಸಿ ಆಂಧ್ರದ ಕರ್ನೂಲು ಜಿಲ್ಲೆಯತ್ತ ಸಾಗುತ್ತದೆ. ಕಾಲುವೆಯ ತಲೆಯಲ್ಲಿ ಎಷ್ಟು ಕ್ಯುಸೆಕ್ ಬಿಟ್ಟರೆಂದು ಗೇಜು ನಿಖರವಾಗಿ ತೋರಿಸುತ್ತದೆ. ವಿತರಣಾ ನಾಲೆಯ ಕೊನೆಯ ಹೊಲದವನು ಆ ಗೇಜನ್ನು ಎಂದೂ ನಂಬಿದವನಲ್ಲ. ನೀರು ತನ್ನ ತೂಬಿಗೆ ಬಂತೇ ಎಂಬುದಷ್ಟೇ ಅವನ ಪ್ರಶ್ನೆ. ಇಂದಿನ ಡ್ಯಾಶ್‌ಬೋರ್ಡುಗಳಲ್ಲಿ ಬಹುಪಾಲು ತಲೆಯ ಗೇಜುಗಳು.

ಕೊನೆಯ ತೂಬನ್ನು ಅಳೆಯುವುದು ಅಸಾಧ್ಯವೇನಲ್ಲ. ಒಂದೇ ಮೊಬೈಲ್ ಸಂಖ್ಯೆಯಿಂದ ವಾರದೊಳಗೆ ಅದೇ ಪ್ರಶ್ನೆ ಮತ್ತೆ ಬಂದರೆ ಮೊದಲ ಉತ್ತರ ಕೆಲಸಕ್ಕೆ ಬಾರದ್ದೆಂದು ಎಣಿಸಬಹುದು. ಚಾಟ್‌ಬಾಟ್‌ನಲ್ಲಿ ವಿಚಾರಿಸಿದವರೇ ಆಮೇಲೆ ಸಹಾಯವಾಣಿಗೂ ಕರೆ ಮಾಡಿದರೇ ಎಂದು ತಾಳೆ ನೋಡಬಹುದು. ಎರಡು ದಾಖಲೆಗಳೂ ಸಾಮಾನ್ಯವಾಗಿ ಬೇರೆ ಬೇರೆ ವಿಭಾಗದವರ ಸುಪರ್ದಿಯಲ್ಲಿರುವುದರಿಂದ ಅದನ್ನು ಮಾಡುವವರು ಕಡಿಮೆ. ಕೇಂದ್ರದ ಕುಂದುಕೊರತೆ ಜಾಲತಾಣಕ್ಕೆ 2022ರಲ್ಲಿ ಪ್ರತ್ಯೇಕ ಕರೆಕೇಂದ್ರವೊಂದು ಸೇರಿತು. ದೂರು ಮುಕ್ತಾಯವಾದ ಮೇಲೆ ಅಲ್ಲಿಂದ ನಾಗರಿಕರಿಗೆ ಫೋನು ಮಾಡಿ ಅಭಿಪ್ರಾಯ ಕೇಳುತ್ತಾರೆ. ತೃಪ್ತಿಯಾಗದವರು ಮೇಲ್ಮನವಿ ಸಲ್ಲಿಸಬಹುದು. ಚಾಟ್‌ಬಾಟ್‌ಗಳಿಗೂ ಈ ಕ್ರಮ ಏಕೆ ಬೇಡ?

ಅಂಕಿಗಳನ್ನು ಯಾವ ಮಟ್ಟದಲ್ಲಿ ಒಡೆದು ನೋಡುತ್ತೇವೆ ಎಂಬುದೂ ಮುಖ್ಯ. ವಿಜಯನಗರ ಜಿಲ್ಲೆ 2021ರಲ್ಲಿ ಪ್ರತ್ಯೇಕಗೊಂಡಿತು. ಕುರುಗೋಡು ತಾಲ್ಲೂಕಾದದ್ದೂ ಇತ್ತೀಚೆಗೆ. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡ ವರದಿಯಲ್ಲಿ ಕುರುಗೋಡಿನ ದೂರು ಬಳ್ಳಾರಿ ನಗರದ ಸರಾಸರಿಯಲ್ಲಿ ಕರಗಿಹೋಗುತ್ತದೆ. ನಗರದಲ್ಲಿ ಸಲೀಸಾಗಿ ಟೈಪ್ ಮಾಡುವವರ ಸಂಖ್ಯೆ ಹೆಚ್ಚು, ಅವರ ಪ್ರಶ್ನೆಗಳೂ ಯಂತ್ರಕ್ಕೆ ಅರ್ಥವಾಗುವಂಥವು. ಹೀಗಾಗಿ ಜಿಲ್ಲೆಯ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

ಇಷ್ಟಾದರೂ ನಕ್ಷೆಗಳು ಹೇಳದ ಸಂಗತಿ ಉಳಿದೇ ಇರುತ್ತದೆ. ನಾನು ಕೆಲಸ ಮಾಡುತ್ತಿದ್ದಾಗ ಅತ್ಯಂತ ಪ್ರಯೋಜನಕ್ಕೆ ಬಂದದ್ದು ಯಾವ ನಕ್ಷೆಯೂ ಅಲ್ಲ. ಅರ್ಧಕ್ಕೇ ನಿಂತ ಸಂಭಾಷಣೆಗಳನ್ನು ಹೆಸರು, ಫೋನ್ ಸಂಖ್ಯೆ ಅಳಿಸಿ, ಕುಳಿತು ಓದಿದ್ದು. ವಾರಕ್ಕೆ ತಾಲ್ಲೂಕಿಗೆ ಇಪ್ಪತ್ತು ಸಂಭಾಷಣೆ ಸಾಕು. ‘ರೊಕ್ಕ ಬಿದ್ದಿಲ್ಲ’ ಎಂಬ ಮಾತನ್ನು ಯಂತ್ರಕ್ಕೆ ಕಲಿಸಬೇಕೆಂದು ಆಗ ತಾನಾಗಿ ತಿಳಿಯುತ್ತದೆ. ಆ ಕೆಲಸಕ್ಕೆ ಒಬ್ಬ ನೌಕರನ ಅರ್ಧ ದಿನ ಬೇಕಾದೀತು. ಆತನಿಗೆ ಕನ್ನಡದ ಜೊತೆಗೆ ತೆಲುಗೂ ಬಂದರೆ ಸಿರುಗುಪ್ಪದ ಮಟ್ಟಿಗೆ ಇನ್ನೂ ಒಳ್ಳೆಯದು.