ಶೇಕಡಾ 35ಕ್ಕೂ ಒಂದು ಶಾಲು

ಹತ್ತನೆಯ ತರಗತಿಯ ಫಲಿತಾಂಶ ಬಂದು ಒಂದೆರಡು ತಿಂಗಳಾಗುವಷ್ಟರಲ್ಲಿ ಮುಂಬಯಿಯ ನಮ್ಮ ಸಂಘಸಂಸ್ಥೆಗಳಲ್ಲಿ ಪುರಸ್ಕಾರದ ಹಂಗಾಮು ಆರಂಭವಾಗುತ್ತದೆ. ಮಾಟುಂಗದಿಂದ ಮೀರಾ ರೋಡಿನವರೆಗೆ, ಚೆಂಬೂರಿನಿಂದ ಡೊಂಬಿವಲಿಯವರೆಗೆ, ಎಲ್ಲೆಲ್ಲಿ ಸಭಾಗೃಹವಿದೆಯೋ ಅಲ್ಲೆಲ್ಲ ಭಾನುವಾರ ವೇದಿಕೆ ಸಜ್ಜಾಗುತ್ತದೆ. ಪ್ರಾರ್ಥನೆ, ದೀಪ ಬೆಳಗುವುದು, ಅತಿಥಿಗಳ ಭಾಷಣ. ಆಮೇಲೆ ಸಾಲಾಗಿ ನಿಂತ ಮಕ್ಕಳಿಗೆ ಶಾಲು, ಸ್ಮರಣಿಕೆ, ಒಂದು ಲಕೋಟೆ. ಇದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ಓದಿದ ಮಗುವಿನ ಬೆನ್ನು ತಟ್ಟುವುದು ಹಿರಿಯರ ಧರ್ಮವೇ. ನಮ್ಮ ತಕರಾರು ಇರುವುದು ಈ ಸಮಾರಂಭಕ್ಕೆ ಮುಂಚೆ ಅಚ್ಚಾಗುವ ಎರಡು ಸಾಲಿನ ಪ್ರಕಟಣೆಯ ಬಗ್ಗೆ. ಶೇಕಡಾ 85ಕ್ಕಿಂತ ಹೆಚ್ಚು ಅಂಕ ಗಳಿಸಿದ ಸದಸ್ಯರ ಮಕ್ಕಳು ಅಂಕಪಟ್ಟಿಯ ಪ್ರತಿಯೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು, ಎಂದು ಅದರ ಒಕ್ಕಣೆ. (ಅಂಕ ಗಳಿಸಿದವರು ಸದಸ್ಯರೋ ಮಕ್ಕಳೋ ಎಂಬ ವ್ಯಾಕರಣದ ಸಂದೇಹ ಹಾಗಿರಲಿ.)

ಈ ಒಂದೇ ವಾಕ್ಯದಲ್ಲಿ ಎರಡು ಜರಡಿಗಳಿವೆ. ಮೊದಲನೆಯದು ಅಂಕದ ಜರಡಿ. ಅದರ ಮೇಲೆ ಉಳಿಯುವ ಮಗುವಿಗೆ ಓದಲು ಮೇಜು ಇದೆ, ಕ್ಲಾಸಿನ ಫೀ ಕಟ್ಟುವ ತಂದೆ ಇದ್ದಾನೆ, ಪರೀಕ್ಷೆಯ ದಿನ ರಜೆ ಹಾಕುವ ತಾಯಿ ಇದ್ದಾಳೆ. ನಮ್ಮ ಶಾಲು ಇದ್ದರೂ ಇಲ್ಲದಿದ್ದರೂ ಅದು ಓದಿಯೇ ಓದುತ್ತದೆ. ಎರಡನೆಯದು ಸದಸ್ಯತ್ವದ ಜರಡಿ. ವಡಾಲದ ಗುಡಿಸಲಿನಲ್ಲಿದ್ದು ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವ ಯಾದಗಿರಿಯವನು ಯಾವ ಸಂಘದ ಆಜೀವ ಸದಸ್ಯ? ಅವನ ಮಗಳು ಈ ಊರಿನಲ್ಲಿ ನಮ್ಮೆಲ್ಲರ ಮಕ್ಕಳಿಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ, ಓದುವುದೂ ಕನ್ನಡದಲ್ಲೇ. ಆದರೂ ಕನ್ನಡದ ಹೆಸರು ಹೊತ್ತ ನಮ್ಮ ಸಂಘಗಳ ಪುರಸ್ಕಾರಕ್ಕೆ ಅವಳು ಅರ್ಜಿ ಹಾಕುವ ಹಾಗಿಲ್ಲ.

ಹಿಂದೆ ಹೀಗಿರಲಿಲ್ಲ ಎಂಬುದೇ ನಮ್ಮನ್ನು ಚುಚ್ಚುವ ಸಂಗತಿ. ಮೊಗವೀರ ಫ್ರೀ ನೈಟ್ ಹೈಸ್ಕೂಲು, ಬಿಲ್ಲವರ ಗುರುನಾರಾಯಣ ರಾತ್ರಿ ಹೈಸ್ಕೂಲು ಮೊದಲಾದ ಹೆಸರುಗಳನ್ನು ಕೇಳದ ಮುಂಬಯಿ ಕನ್ನಡಿಗರಿಲ್ಲ. ದಕ್ಷಿಣ ಕನ್ನಡದಿಂದ ನಾಲ್ಕನೆಯದೋ ಐದನೆಯದೋ ಬಿಟ್ಟು ಓಡಿಬಂದು, ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ ಹುಡುಗರಿಗಾಗಿ ನಡೆದ ಶಾಲೆಗಳು ಅವು. ಆ ಶಾಲೆಗಳನ್ನು ಬರಿಯ ಸಂಘಗಳು ನಡೆಸಿದವು ಎನ್ನುವುದು ಅರ್ಧ ಸತ್ಯ. ಸಂಜೆ ಗಿರಾಕಿಗಳ ನೂಕುನುಗ್ಗಲಿನ ಹೊತ್ತಿನಲ್ಲೇ ಹುಡುಗನನ್ನು ಬಿಟ್ಟುಕೊಟ್ಟ ಹೋಟೆಲ್ ಮಾಲಕರಿದ್ದರು. ಹಗಲು ಆಫೀಸಿನಲ್ಲಿ ದುಡಿದು ರಾತ್ರಿ ಪಾಠ ಹೇಳಿದ ಗುಮಾಸ್ತರಿದ್ದರು. ಮುಂದೆ ಕೂತು ಓದುವ ಹುಡುಗನಿಗೆ ನಿದ್ದೆ ಬಂದರೆ ಗದರಿಸದೆ ನೀರು ಕುಡಿಸಿ ಎಬ್ಬಿಸಿದ ಮೇಷ್ಟರಿದ್ದರು. ಎಲ್ಲ ಮಾಲಕರೂ ಹಾಗಿದ್ದರೆಂದು ಹೇಳುವ ಧೈರ್ಯ ನಮಗಿಲ್ಲ. ಪುಸ್ತಕ ಕಂಡರೆ ಸಿಡುಕುತ್ತಿದ್ದವರೂ ಬೇಕಾದಷ್ಟು ಮಂದಿ ಇದ್ದರು. ಆದರೂ ಅಂದು ಸಂಘದ ಹೆಮ್ಮೆಯಿದ್ದುದು, ಬಿಟ್ಟುಹೋಗಬಹುದಾದವನನ್ನು ಹಿಡಿದು ಮೆಟ್ರಿಕ್ ದಾಟಿಸಿದ್ದರಲ್ಲಿ. ಅಲ್ಲಿ ಯಾರೂ ಶೇಕಡಾ 85 ಕೇಳಲಿಲ್ಲ.

ಈಗ ಕಾಲ ಬದಲಾಗಿದೆ. ಊರಿನಲ್ಲೇ ಶಾಲೆಗಳಾದುವು, ಕರಾವಳಿಯ ಹುಡುಗರು ಹಾಗೆ ಓಡಿಬರುವುದು ನಿಂತಿತು. 14 ವರ್ಷದೊಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದನ್ನು ಸರಕಾರ 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. ಹಾಗೆಂದು ಶಾಲೆ ಬಿಡುವ ಕನ್ನಡದ ಮಗು ಮುಂಬಯಿಯಿಂದ ಮಾಯವಾಯಿತೆಂದು ತಿಳಿಯುವುದು ಅನುಕೂಲದ ಕುರುಡು. ಅದು ಬೇರೆ ದಿಕ್ಕಿನಿಂದ ಬಂದಿದೆ, ಅಷ್ಟೇ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಇಂದು ಕೂತಿರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕೂಲಿಕಾರರ ಮಕ್ಕಳು. ಏಳನೆಯದೋ ಎಂಟನೆಯದೋ ಮುಗಿಯಿತೆಂದರೆ ಶಾಲೆ ಬದಲಿಸಬೇಕು. ಕನ್ನಡದ ಹೈಸ್ಕೂಲು ದೂರ, ಹತ್ತಿರದ ಶಾಲೆಯ ಮಾಧ್ಯಮ ಬೇರೆ. ಸುಗ್ಗಿಗೆ, ಜಾತ್ರೆಗೆ, ಅಕ್ಕನ ಮದುವೆಗೆಂದು ಊರಿಗೆ ಹೋದ ಹುಡುಗಿ ಎರಡು ತಿಂಗಳು ಬರುವುದಿಲ್ಲ. ಬಂದಾಗ ಪಾಠ ಮುಂದೆ ಹೋಗಿರುತ್ತದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಕೈ 14ನೆಯ ವಯಸ್ಸಿಗೆ ನಿಲ್ಲುತ್ತದೆ. ಅದರ ಮುಂದೆ ಒಂಬತ್ತನೆಯ ತರಗತಿ ಎಂಬ ಕಂದಕ. ಹತ್ತನೆಯ ಫಲಿತಾಂಶ ನೂರಕ್ಕೆ ನೂರು ಬರಬೇಕೆಂದು ಒಂಬತ್ತರಲ್ಲೇ ಮಕ್ಕಳನ್ನು ಸೋಸಿ ಬಿಡುವ ಶಾಲೆಗಳು ಇಲ್ಲದಿಲ್ಲ. ಅಂಥ ನೂರಕ್ಕೆ ನೂರರ ಫಲಕಕ್ಕೆ ಹೂಮಾಲೆ ಹಾಕುವವರೂ ನಾವೇ.

ಹೇಗೋ ಪಾಸಾಗುವುದರಲ್ಲಿ ಏನಿದೆ ಎಂದು ಕೇಳುವವರುಂಟು. ಏನಿದೆ ಎಂಬುದನ್ನು ಸರಕಾರಿ ಕಾಗದ ನೋಡುವ ನಮ್ಮಂಥವರು ಬಲ್ಲೆವು. ಆರನೆಯ ವೇತನ ಆಯೋಗದ ತರುವಾಯ ಕೇಂದ್ರ ಸರಕಾರದ ಆಫೀಸಿನಲ್ಲಿ ಫೈಲು ಹೊರುವ ಕೆಲಸಕ್ಕೂ ಹತ್ತನೆಯ ತರಗತಿ ಅಥವಾ ಐ.ಟಿ.ಐ. ಆಗಿರಬೇಕು, ಹಿಂದಿನ ಹಾಗೆ ಎಂಟನೆಯದು ಓದಿ ಪ್ಯೂನ್ ಆಗುವ ಕಾಲ ಮುಗಿಯಿತು. ಐ.ಟಿ.ಐ.ಯ ಬಹುತೇಕ ಒಳ್ಳೆಯ ಕಸುಬುಗಳಿಗೂ ಅದೇ ಬಾಗಿಲು. ಗಲ್ಫಿಗೆ ಹೋಗುವವನು ಹತ್ತನೆಯದು ಪಾಸಾಗಿದ್ದರೆ ಅವನ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಷರತ್ತು ಬೀಳುವುದಿಲ್ಲ. ಪಾಸಾಗದಿದ್ದರೆ ಸಾಮಾನ್ಯವಾಗಿ ಬೀಳುತ್ತದೆ. 35 ಅಂಕಕ್ಕೂ 34 ಅಂಕಕ್ಕೂ ನಡುವೆ ಇರುವ ಅಂತರ, 95ಕ್ಕೂ 85ಕ್ಕೂ ನಡುವಿನ ಅಂತರಕ್ಕಿಂತ ಬಹಳ ದೊಡ್ಡದು.

ಪಾಸಾದುದಕ್ಕೆ ದುಡ್ಡು ಕೊಟ್ಟರೆ ಮಕ್ಕಳು ಲಾಲಚಿಗಳಾಗುತ್ತಾರೆ, ಪ್ರತಿಭೆಯ ಬೆಲೆ ಇಳಿಯುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಸರಕಾರಿ ನೌಕರರು ಎತ್ತಿದಾಗ ನಮಗೆ ನಗು ಬರುತ್ತದೆ. ನಮ್ಮ ಮಕ್ಕಳ ಶಿಕ್ಷಣ ಭತ್ಯೆಯೆಂದು ಕೇಂದ್ರ ಸರಕಾರ 2017ರಿಂದ ಒಂದು ಮಗುವಿಗೆ ತಿಂಗಳಿಗೆ 2,250 ರೂಪಾಯಿ, ಅಂದರೆ ವರ್ಷಕ್ಕೆ 27,000 ರೂಪಾಯಿ ಕೊಟ್ಟಿತು. 2024ರ ಜನವರಿಯಿಂದ ಅದು 2,812 ರೂಪಾಯಿ 50 ಪೈಸೆಗೆ ಏರಿತು. ಅದಕ್ಕೆ ನಾವು ಕೊಡುವುದೇನು? ಮಗು ಆ ವರ್ಷ ಆ ಶಾಲೆಯಲ್ಲಿ ಓದಿತೆಂದು ಮುಖ್ಯೋಪಾಧ್ಯಾಯರ ಒಂದು ಚೀಟಿ. ಮಗು ತರಗತಿಯಲ್ಲಿ ನಪಾಸಾದರೂ ಭತ್ಯೆ ನಿಲ್ಲಿಸಬಾರದೆಂದು 2018ರ ಜುಲೈಯ ಆದೇಶದಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಹಣದಿಂದ ನಮ್ಮ ಮಕ್ಕಳು ಲಾಲಚಿಗಳಾದರೆಂದು ಯಾವ ಗುಮಾಸ್ತನೂ ಕ್ಲೇಮು ವಾಪಸು ಪಡೆದುದನ್ನು ನಾವು ಕಾಣೆವು. ಕೂಲಿಕಾರನ ಮಗಳಿಗೆ ಕೊಡುವಾಗ ಮಾತ್ರ ನೀತಿಶಾಸ್ತ್ರ ನೆನಪಾಗುತ್ತದೆ.

ಆದರೆ ದುಡ್ಡೊಂದೇ ಸಾಲದೆಂಬ ಮಾತನ್ನು ನಾವೂ ಒಪ್ಪುತ್ತೇವೆ. ಕೇಂದ್ರ ಸರಕಾರವೇ 2008ರಲ್ಲಿ ಪರಿಶಿಷ್ಟ ಜಾತಿ, ವರ್ಗಗಳ ಹುಡುಗಿಯರಿಗೆ ಒಂದು ಯೋಜನೆ ತಂದಿತ್ತು: ಎಂಟನೆಯದು ಮುಗಿಸಿ ಒಂಬತ್ತಕ್ಕೆ ಸೇರಿದವಳ ಹೆಸರಿನಲ್ಲಿ 3,000 ರೂಪಾಯಿ ಠೇವಣಿ, ಹತ್ತನೆಯದು ಪಾಸಾಗಿ, 18 ತುಂಬಿದ ಮೇಲೆ ಬಡ್ಡಿಸಮೇತ ಅವಳಿಗೆ. ಉದ್ದೇಶ ಒಳ್ಳೆಯದೇ. ಆದರೆ ಹಣ ಬ್ಯಾಂಕಿನಲ್ಲಿ ಕೂತಿರುವಾಗ, ಹುಡುಗಿ ಎರಡು ವಾರ ಬರಲಿಲ್ಲವೇಕೆ ಎಂದು ಮನೆಗೆ ಹೋಗಿ ಕೇಳುವವರಿಗೆ ಆ ಯೋಜನೆಯಲ್ಲಿ ಜಾಗವಿರಲಿಲ್ಲ. ದೂರದ ನ್ಯೂಯಾರ್ಕಿನಲ್ಲೂ ಇದೇ ಪಾಠ ಸಿಕ್ಕಿತು. 1981ರಲ್ಲಿ ಯೂಜೀನ್ ಲ್ಯಾಂಗ್ ಎಂಬ ಶ್ರೀಮಂತ, ತಾನು ಕಲಿತ ಹಾರ್ಲೆಂನ ಬಡವರ ಶಾಲೆಗೆ ಅತಿಥಿಯಾಗಿ ಹೋಗಿ, ಆರನೆಯ ತರಗತಿಯ 61 ಮಕ್ಕಳಿಗೆ ಹೈಸ್ಕೂಲು ಮುಗಿಸಿದರೆ ಕಾಲೇಜಿನ ಖರ್ಚಿಗೆ ನೆರವಾಗುವೆನೆಂದು ಮಾತು ಕೊಟ್ಟ. ಕಾಲೇಜು ಇನ್ನೂ ಆರು ವರ್ಷ ದೂರ. ಬರಿಯ ಮಾತು ಅಷ್ಟು ದಿನ ಮಕ್ಕಳನ್ನು ಹಿಡಿದಿಡದೆಂದು ಅರಿತು, ಅವರ ಕಷ್ಟಸುಖ ವಿಚಾರಿಸಲೆಂದೇ ಒಬ್ಬನನ್ನು ನೇಮಿಸಿದ. ನಮ್ಮ ಮುಂಬಯಿಯಲ್ಲೇ ನಿಕಿತಾ ಕೇತ್ಕರ್ ಅವರು 2008ರಲ್ಲಿ ಕಟ್ಟಿದ ಮಾಸೂಮ್ ಸಂಸ್ಥೆ ರಾತ್ರಿ ಶಾಲೆಗಳ ಮಕ್ಕಳಿಗೆ ಪುಸ್ತಕದ ಜೊತೆಗೆ ಸಂಜೆಯ ತಿಂಡಿಯನ್ನೂ ಒದಗಿಸಿತು. ದುಡಿದು ಬಂದವನ ಹೊಟ್ಟೆ ಖಾಲಿಯೆಂದು ಹೋಟೆಲು ನಡೆಸುವ ನಮ್ಮವರಿಗೆ ಹೊರಗಿನವರು ನೆನಪಿಸಬೇಕಾಯಿತೆ!

ಹಾಗಾದರೆ ಮಾಡುವುದೇನು? ಒಂದು ಸಂಘ, ಹತ್ತಿರದ ಒಂದು ಶಾಲೆ, ಹತ್ತು ಮಕ್ಕಳು. ಯಾರು ಬಿಟ್ಟುಹೋಗುವ ಅಂಚಿನಲ್ಲಿದ್ದಾರೆಂಬುದನ್ನು ಮುಖ್ಯೋಪಾಧ್ಯಾಯರೇ ಹೇಳಲಿ, ಎಂಟನೆಯ ತರಗತಿಯಲ್ಲೇ ಹೇಳಲಿ. ಎಂಟು ಮುಗಿಸಿದಾಗ 2,000, ಒಂಬತ್ತು ದಾಟಿದಾಗ 3,000, ಹತ್ತು ಪಾಸಾದಾಗ 10,000 ರೂಪಾಯಿ ಮಗುವಿನ ಹೆಸರಿನ ಖಾತೆಗೆ. ಮೂರು ವರ್ಷಕ್ಕೆ ಒಂದು ಮಗುವಿಗೆ 15,000. ನಮ್ಮ ಮಗುವಿಗೆ ಒಂದೇ ವರ್ಷದಲ್ಲಿ ಬರುವ ಭತ್ಯೆಗಿಂತ ಕಡಿಮೆ. ಅಂಕ ಎಷ್ಟು ಎಂದು ಕೇಳಬಾರದು. ಮೊದಲ ಸಲ ತಪ್ಪಿದವರಿಗೆ ಅದೇ ವರ್ಷ ಮರುಪರೀಕ್ಷೆ ಬರೆಯುವ ಅವಕಾಶ 2015ರಿಂದ ಇದೆ. ಹಾಗೆ ದಾಟಿದವರಿಗೂ, ಶಾಲೆ ಬಿಟ್ಟ ಮೇಲೆ 17ನೆಯ ನಂಬರಿನ ಫಾರ್ಮು ತುಂಬಿ ಖಾಸಗಿಯಾಗಿ ಕೂತವರಿಗೂ ಪೂರ್ತಿ ಹಣವೇ ಸಲ್ಲಬೇಕು. ತೊಂಬತ್ತು ದಾಟಿದವರ ಶಾಲನ್ನು ಕಿತ್ತುಕೊಳ್ಳಬೇಕಾಗಿಲ್ಲ; ಅದೇ ವೇದಿಕೆಯಲ್ಲಿ ಇವರನ್ನೂ, ಇವರ ತಂದೆತಾಯಿಯರನ್ನೂ ಕರೆದರೆ ಸಾಕು. ಅತಿಥಿಗಳ ಭಾಷಣ ಒಂದು ಕಡಿಮೆಯಾದರೆ ಹೊತ್ತೂ ಸಿಗುತ್ತದೆ.

ಮನೆಗೆ ಹೋಗಿ ವಿಚಾರಿಸುವವರು ಯಾರು ಎಂಬ ಪ್ರಶ್ನೆಗೂ ಉತ್ತರ ದೂರವಿಲ್ಲ. ಬ್ಯಾಂಕು, ಅಂಚೆ, ರೈಲ್ವೆಗಳಿಂದ ನಿವೃತ್ತರಾದ ಸದಸ್ಯರು ಪ್ರತಿಯೊಂದು ಸಂಘದಲ್ಲೂ ಇದ್ದಾರೆ. ಚುನಾವಣೆಯ ಕಾಲದಲ್ಲಿ ಅವರೆಲ್ಲ ಎಷ್ಟು ಚುರುಕೆಂಬುದನ್ನು ಕಂಡಿದ್ದೇವೆ. ಒಬ್ಬೊಬ್ಬರು ಎರಡೆರಡು ಮಕ್ಕಳ ಮನೆಗೆ ತಿಂಗಳಿಗೊಮ್ಮೆ ಹೋದರೆ ಐದು ಜನ ಸಾಕು. ಡೊಂಬಿವಲಿಯವರು ವಡಾಲಕ್ಕೆ ಬರಬೇಕಾಗಿಲ್ಲ. ಸ್ಟೇಶನ್ನಿನ ಆಚೆ ಬದಿಗೆ ಹೊಸ ಕಟ್ಟಡ ಏಳುತ್ತಿರುವಲ್ಲಿಗೆ ಹೋಗಿ ಯಾವ ಊರಿನವರಪ್ಪಾ ಎಂದು ಕನ್ನಡದಲ್ಲೊಮ್ಮೆ ಕೇಳಿ ನೋಡಲಿ. ಈ ವರ್ಷದ ಪ್ರಕಟಣೆ ಇನ್ನೂ ಅಚ್ಚಿಗೆ ಹೋಗದ ಸಂಘಗಳ ಕಾರ್ಯದರ್ಶಿಗಳು ಆ ವಾಕ್ಯದಿಂದ ಸದ್ಯಕ್ಕೆ ಸದಸ್ಯರ ಎಂಬ ಒಂದು ಶಬ್ದವನ್ನಾದರೂ ಹೊಡೆದುಹಾಕಲಿ.